ಮೂಲೆ ಹರಿದ ಕಾರ್ಡು

ಅಳುವವರನ್ನು ಕಂಡರೆ ನನಗೆ ಮೊದಲು ಬರುವುದು ಸಿಟ್ಟು. ಮರುಕ ಆಮೇಲೆ, ಅದೂ ಬಂದರೆ ಬಂತು. ಇದು ಒಳ್ಳೆಯ ಗುಣವಲ್ಲ ಎಂದು ನಮ್ಮವ್ವ ಇರುವವರೆಗೂ ಹೇಳುತ್ತಲೇ ಇದ್ದಳು. ಸಾವು, ಬೇನೆ, ಅಗಲಿಕೆ ಇಂಥವುಗಳಿಂದ ಜನ ದುಃಖಪಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಅದಕ್ಕೆ ಹೇಗೆ ಅಳಬೇಕು, ಎಷ್ಟು ದಿನ ಅಳಬೇಕು ಎಂದು ಹೇಳಿಕೊಡುವವರೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನನ್ನನ್ನು ಇಂದಿಗೂ ಕೂತಲ್ಲಿ ಕೂಡಲು ಬಿಡದಂಥ ದುಃಖ ಬಂದದ್ದು ಒಂದು ಪೋಸ್ಟ್ ಕಾರ್ಡಿನಿಂದ. ಆ ಕಾರ್ಡನ್ನು ನಮ್ಮ ಮನೆಯಲ್ಲಿ ಯಾರೂ ಓದಲಿಲ್ಲ.

ಆಗ ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಬಂಧುಬಳಗಕ್ಕೆ ಕಾರ್ಡು ಬರೆದು, ಅದರ ಒಂದು ಮೂಲೆ ಹರಿದು ಟಪಾಲಿಗೆ ಹಾಕುತ್ತಿದ್ದರು. ಮದುವೆಯ ಕಾಗದಕ್ಕೆ ಅರಿಸಿನ ಹಚ್ಚುತ್ತಾರಲ್ಲ, ಸಾವಿನ ಕಾಗದಕ್ಕೆ ಇದು. ಓದಲು ಬಾರದವರಿಗೂ ಕೈಗೆ ಬಂದ ಕೂಡಲೇ ಸುದ್ದಿ ಎಂಥದ್ದೆಂದು ತಿಳಿಯುತ್ತಿತ್ತು. ಅಂಥ ಕಾರ್ಡು ಹೊಸ್ತಿಲು ದಾಟಬಾರದು. ಕಟ್ಟೆಯ ಮೇಲೆ ನಿಂತೇ ಓದಿ, ಅಲ್ಲೇ ಹರಿದು ಚೆಲ್ಲಿ, ಕೈಕಾಲು ತೊಳೆದು ಒಳಗೆ ಬರಬೇಕು. ನಮ್ಮವರಿಗೆ ಸೂತಕವೇ ಇಲ್ಲ, ಶರಣರು ಅದನ್ನು ಎಂದೋ ತೆಗೆದುಹಾಕಿದ್ದಾರೆ ಎಂದು ಅಪ್ಪ ಹೇಳುತ್ತಿದ್ದರು. ಅವ್ವ ಹೂಂ ಎಂದು ತಲೆ ಆಡಿಸಿ, ಕಾರ್ಡನ್ನು ಮಾತ್ರ ಹೊರಗೇ ಹರಿಯುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲ. ನಾವು ಬೆಳಗಾವಿಯ ಶಹಾಪುರದ ಓಣಿಯೊಂದರಲ್ಲಿ ಬಾಡಿಗೆಗೆ ಇದ್ದೆವು. ಅಪ್ಪ ಖಡೇಬಜಾರಿನ ಜವಳಿ ಅಂಗಡಿಯೊಂದರಲ್ಲಿ ಕಾರಕೂನರು. ನನಗೆ ಇಪ್ಪತ್ತೊಂದು ವರ್ಷ. ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಉದ್ಯಮಬಾಗದ ಒಂದು ಫೌಂಡ್ರಿಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಅಕ್ಕ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು, ಎಂಟನೇ ತಿಂಗಳು. ಆ ಮನೆಯಲ್ಲಿ ಓದಲು ಬಾರದವಳು ಅವ್ವ ಒಬ್ಬಳೇ.

ಸೋಮವಾರ ಸಂಜೆ ಆಫೀಸಿನಿಂದ ಬಂದಾಗ ಅವ್ವ ಕಟ್ಟೆಯ ಮೇಲೆ ಮಳೆಯ ಎರಚಲಿಗೆ ಸೀರೆ ನೆನೆಸಿಕೊಂಡು ಕೂತಿದ್ದಳು. ನನ್ನನ್ನು ಒಳಗೆ ಹೋಗಲು ಬಿಡದೆ ಕೈ ಹಿಡಿದು ಬಾಜುಕ್ಕೆ ಕರೆದಳು.

“ಮೂಲಿ ಹರದಿದ್ದ ಕಾರ್ಡ ಬಂದಿತ್ತು,” ಎಂದಳು ಪಿಸುಮಾತಿನಲ್ಲಿ.

“ಯಾರದು?”

“ಗೊತ್ತಿಲ್ಲ.”

“ಎಲ್ಲೈತಿ?”

“ಹರದ ಒಗದೆ.”

“ಓದಿಸಿಕೊಳ್ಳದs?”

“ಯಾರ ಕಡಿಂದ ಓದಿಸಲಿ? ಅಪ್ಪ ಅಂಗಡ್ಯಾಗ, ನೀ ಆಫೀಸಿನ್ಯಾಗ. ನೀವು ಬರೂತನಕಾ ಹೊರಗ ಇಟಗೊಂಡ ಕುಂದರಬೇಕಂತ ಮಾಡಿದ್ನಿ. ಅಷ್ಟರಾಗ ಅಕ್ಕ ಒಳಗಿಂದ ‘ಟಪಾಲ ಬಂತೇನವಾ’ ಅಂತ ಎದ್ದ ಬಂದ್ಲು. ಬಸರ ಹುಡುಗಿ ಕೈಯಾಗ ಅದನ್ನ ಹೆಂಗ ಕೊಡ್ಲಿ? ಅಂಜಿಕಿ ಆತು. ಹರದ ಗಟಾರಕ್ಕ ಹಾಕಿದೆ.”

ಇದನ್ನು ಕೇಳಿ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಸತ್ತವರು ಯಾರೆಂದು ಗೊತ್ತಾಗದಂತೆ ಸಾವಿನ ಸುದ್ದಿಯನ್ನಷ್ಟೇ ಮನೆಗೆ ಇಳಿಸಿಕೊಂಡ ಹೆಂಗಸು ಜಗತ್ತಿನಲ್ಲಿ ಇವಳೊಬ್ಬಳೇ ಇರಬೇಕು ಎಂದುಕೊಂಡೆ. ಆದರೆ ಕೂಗಾಡುವಂತಿರಲಿಲ್ಲ, ಒಳಗೆ ಅಕ್ಕ ಇದ್ದಳು. ಹಲ್ಲು ಕಚ್ಚಿಕೊಂಡು ಛತ್ರಿ ಹಿಡಿದು ಗಟಾರದ ಗುಂಟ ಓಣಿಯ ತುದಿಯವರೆಗೆ ಬಗ್ಗಿ ಬಗ್ಗಿ ನೋಡುತ್ತ ಹೋದೆ. ಎರಡು ಚೂರು ಸಿಕ್ಕವು. ಶಾಯಿ ಕರಗಿ ನೀಲಿ ನೀರಾಗಿತ್ತು, ಒಂದಕ್ಷರವೂ ಉಳಿದಿರಲಿಲ್ಲ. ಮಾಳಿಗೆಯ ಖಿಡಕಿಯಿಂದ ಮರಾಠಿ ಅಜ್ಜಿಯೊಬ್ಬಳು ಏನು ಕಳೆದುಕೊಂಡೆ ಎಂದು ಕೇಳಿದಳು. ಕಿವಿಯೋಲೆ ಎಂದೆ.

ಮರುದಿನ ಆಫೀಸಿಗೆ ಹೋಗುವ ಮೊದಲು ಪೋಸ್ಟಮನ್ನನ್ನು ಹುಡುಕಿ ಹಿಡಿದೆ. ಅವನು ಮರಾಠಿಯವನು, ಓಣಿಗೆ ಹೊಸಬ.

“ಬಾಯಿ, ಕೋಪರಾ ಹರದಿದ್ದ ಕಾರ್ಡ ಕೊಟ್ಟ ಮ್ಯಾಲ ನಾ ನಿಂದರಂಗಿಲ್ರಿ,” ಎಂದ. “ಕನ್ನಡ ನನಗ ಮನಿ ಪತ್ತಾ ಓದೂವಷ್ಟs ಬರತೈತಿ.”

“ಎಲ್ಲಿಂದ ಬಂದಿತ್ತು ಅಂತರ ನೆನಪೈತೇನ್ರಿ?”

ಸ್ವಲ್ಪ ಹೊತ್ತು ಯೋಚಿಸಿ, ಖಾನಾಪುರ ಕಡೆಯ ಚೀಲದಲ್ಲಿ ಬಂದದ್ದು ಖರೇ ಎಂದ. ಅಷ್ಟು ಸಾಕಾಯಿತು. ಖಾನಾಪುರ ಅವ್ವನ ತವರು. ಅಲ್ಲಿ ಅವಳ ತಾಯಿ ಇದ್ದಳು, ಅಣ್ಣ ಇದ್ದ, ಅಣ್ಣನ ಹೆಂಡತಿ ಇದ್ದಳು, ಅವರ ಮಕ್ಕಳಿದ್ದರು. ಈ ಮಾತನ್ನು ಅವ್ವನಿಗೆ ಹೇಳಬಾರದಿತ್ತು, ಹೇಳಿದೆ. ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವುದು ನನಗೆ ಬರುವುದಿಲ್ಲ.

ಅಪ್ಪ ಎಂದಿನಂತೆ ಸಮಾಧಾನದ ಮನುಷ್ಯ. “ಹಿರ್ಯಾರು ಯಾರರ ಶಿವಾಧೀನ ಆಗಿದ್ರ ಮನಷ್ಯಾನ್ನ ಕಳಿಸಿರತಿದ್ರು. ಇಲ್ಲಾ ಇನ್ನೊಂದ ಕಾರ್ಡ ಬರತೈತಿ. ತಡಕೋ,” ಎಂದು ಹೇಳಿ ಲಿಂಗಪೂಜೆಗೆ ಕೂತರು. ತಡೆದುಕೊಳ್ಳುವುದು ಅವರಿಗೆ ಸುಲಭ; ತವರು ಅವರದಲ್ಲ. ನಾನು ಆಫೀಸಿನಿಂದ ಖಾನಾಪುರದಲ್ಲಿ ಮಾಮಾನ ಮನೆಯ ಹತ್ತಿರದ ಒಂದು ಕಿರಾಣಿ ಅಂಗಡಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಹನ್ನೊಂದು ಗಂಟೆಗೆ ಬುಕ್ ಮಾಡಿದ್ದು ಮೂರೂವರೆಗೆ ಹತ್ತಿತು. ಆ ಕಡೆಯಿಂದ ಯಾರೋ ‘ಹಲೋ, ಜೋರ ಮಾತಾಡ್ರಿ’ ಎಂದು ಒದರಿದರು. ‘ನಮ್ಮ ಮಾಮಾನ ಮನ್ಯಾಗ ಎಲ್ಲಾರೂ ಅದಾರೇನ್ರಿ’ ಎಂದು ನಾನೂ ಒದರಿದೆ. ಆಫೀಸಿಗೆ ಆಫೀಸೇ ತಿರುಗಿ ನೋಡಿತು. ‘ಯಾರ ಮಾಮಾ?’ ಎಂದು ಆ ಕಡೆಯವರು ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು.

ಆ ದಿನ ನಾನು ಟೈಪು ಮಾಡಿದ ಪತ್ರಗಳಲ್ಲಿ ತಪ್ಪಿಲ್ಲದ್ದು ಒಂದೂ ಇರಲಿಲ್ಲ. ಕುರ್ಚಿಯಲ್ಲಿ ಕೂತರೆ ಏಳಬೇಕೆನ್ನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕು ತಿಳಿಯುತ್ತಿರಲಿಲ್ಲ. ಯಾರೋ ಒಬ್ಬರು ಸತ್ತಿದ್ದಾರೆ ಎಂದು ಗೊತ್ತಾದರೆ ಮನಸ್ಸು ಅವರ ಮುಖ ಹಿಡಿದುಕೊಂಡು ಒಂದು ಕಡೆ ಕೂಡುತ್ತದೆ. ನಮಗೆ ಮುಖವೇ ಇರಲಿಲ್ಲ. ಹಿಡಿದುಕೊಳ್ಳಲು ಮುಖ ಇಲ್ಲದ ದುಃಖದಷ್ಟು ಕೆಟ್ಟದ್ದು ಇನ್ನೊಂದಿಲ್ಲ ಎಂದು ಆಗ ನಾನು ತಿಳಿದಿದ್ದೆ. ಅದಕ್ಕಿಂತ ಕೆಟ್ಟದ್ದು ಇದೆ ಎಂದು ತಿಳಿದದ್ದು ಆಮೇಲೆ.

ಮನೆಗೆ ಬಂದರೆ ಅವ್ವ ಒಬ್ಬೊಬ್ಬರಿಗಾಗಿ ಸರದಿಯ ಮೇಲೆ ಅಳುತ್ತಿದ್ದಳು. ಬೆಳಿಗ್ಗೆ ತನ್ನ ತಾಯಿಗಾಗಿ ಅತ್ತಳಂತೆ. ಮಧ್ಯಾಹ್ನ ಅಣ್ಣನಿಗಾಗಿ. ಸಂಜೆಯ ಹೊತ್ತಿಗೆ ಅಣ್ಣನ ಹೆಂಡತಿಗೆ ಬಂದು ಮುಟ್ಟಿದ್ದಳು. ಈ ವೈನಿಯನ್ನು ಅವ್ವ ಹುಟ್ಟಾ ವೈರಿಯ ಹಾಗೆ ಕಾಣುತ್ತಿದ್ದಳು. ಅವಳು ಮಾಡಿದ ಪಲ್ಯಕ್ಕೆ ಉಪ್ಪು ಹೆಚ್ಚು, ಅವಳು ತೊಳೆದ ಪಾತ್ರೆಗೆ ಜಿಡ್ಡು. ಈಗ ನೋಡಿದರೆ ‘ಎಷ್ಟ ಮಂದಿಗೆ ಮಾಡಿ ಹಾಕಿದಾಕಿ, ಎಂಥಾ ತಾಯಿ’ ಎಂದು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ಅಕ್ಕನಿಗೆ ತಿಳಿಯಬಾರದು ಎಂದು ಮುಂದೆ ಒಂದು ರಾಶಿ ಉಳ್ಳಾಗಡ್ಡಿ ಹೆಚ್ಚಿಟ್ಟುಕೊಂಡಿದ್ದಳು. ಅಕ್ಕ ಒಳಗಿಂದ ಬಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಳು.

“ಯಾರ ಸತ್ತಾರು?” ಎಂದಳು.

“ಯಾರೂ ಇಲ್ಲವಾ. ಉಳ್ಳಾಗಡ್ಡಿ ಖಾರ ಐತಿ.”

“ಹೆಸರುಕಾಳ ಪಲ್ಲೆಕ್ಕ ಇಷ್ಟ ಉಳ್ಳಾಗಡ್ಡಿ ಯಾರ ಹಾಕತಾರ? ನಿನ್ನಿಂದ ನೋಡಾಕತ್ತೀನಿ.”

ಅಲ್ಲಿಗೆ ಗುಟ್ಟು ರಟ್ಟಾಯಿತು. ಮುಚ್ಚಿಡಲು ಇನ್ನೇನೂ ಇಲ್ಲದ್ದರಿಂದ ಮೂವರೂ ಕೂತು, ನಾನು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಒಂದು ಪಟ್ಟಿ ಮಾಡಿದೆ. ಖಾನಾಪುರದ ಕಡೆ ಸಾಯಬಹುದಾದವರು ಯಾರು ಯಾರು ಎಂಬ ಪಟ್ಟಿ. ಹೇಳಲು ನಾಚಿಕೆಯಾಗುತ್ತದೆ, ಆದರೆ ಪೆನ್ಸಿಲ್ ಕೈಗೆ ಬಂದದ್ದೇ ನನ್ನ ಚಡಪಡಿಕೆ ಸ್ವಲ್ಪ ಇಳಿಯಿತು. ಅವ್ವ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ತವರಿನ ಎಲ್ಲರೂ ಬಂದರು. ನಂದಗಡದ ದೊಡ್ಡಪ್ಪ ಬಂದರು. ತವರುಮನೆಯ ಎದುರಿನ ಕಮ್ಮಾರ ಬಂದ. ಅವ್ವನನ್ನು ಚಿಕ್ಕಂದಿನಲ್ಲಿ ಕಚ್ಚಿದ್ದ ನಾಯಿಯ ಒಡೆಯ ಕೂಡ ಬಂದ. ಇನ್ನು ಯಾರೂ ಉಳಿದಿಲ್ಲ ಎಂದು ಅವ್ವ ಎರಡು ಸಲ ಹೇಳಿದ ಮೇಲೆ ನಾನು ಪೆನ್ಸಿಲ್ ಕೆಳಗಿಟ್ಟೆ. ಆ ರಾತ್ರಿಯೂ ಅವ್ವ ಊಟ ಮಾಡಲಿಲ್ಲ.

ಬುಧವಾರ ನಾನು ಸಾಹೇಬರ ಮುಂದೆ ಹೋಗಿ ರಜೆ ಕೇಳಿದೆ. “ಯಾರು ತೀರಿಕೊಂಡರು?” ಎಂದು ಅವರು ಕೇಳಿದರು.

“ಗೊತ್ತಿಲ್ಲ ಸರ್. ಹೋಗಿ ನೋಡಿಕೊಂಡು ಬರಬೇಕು,” ಎಂದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿ ರಜೆ ಕೊಟ್ಟರು.

ಅಕ್ಕನನ್ನು ಅಪ್ಪನಿಗೆ ಒಪ್ಪಿಸಿ ನಾನೂ ಅವ್ವನೂ ಬಸ್ಸು ಹತ್ತಿದೆವು. ಖಾನಾಪುರ ಒಂದು ತಾಸಿನ ದಾರಿ. ಆ ತಾಸಿನಲ್ಲಿ ಅವ್ವ ಎಷ್ಟು ಸಲ ಎದ್ದು ಕೂತಳೋ ಲೆಕ್ಕವಿಲ್ಲ. ಖಿಡಕಿಯ ಗಾಜು ಏರಿಸಿದರೆ ಉಸಿರು ಕಟ್ಟುತ್ತದೆ ಎನ್ನುವಳು, ಇಳಿಸಿದರೆ ಮಳೆ ಬಡಿಯುತ್ತದೆ ಎನ್ನುವಳು. ಎದುರಿನಿಂದ ಬರುವ ಪ್ರತಿ ಬಸ್ಸಿನೊಳಗೂ ಇಣುಕಿ ಪರಿಚಯದವರು ಇದ್ದಾರೆಯೇ, ತಲೆ ಬೋಳಿಸಿಕೊಂಡವರು ಇದ್ದಾರೆಯೇ ಎಂದು ನೋಡುವಳು. ನಮ್ಮವರಲ್ಲಿ ತಲೆ ಬೋಳಿಸುವುದಿಲ್ಲವಲ್ಲ ಎಂದರೆ, “ಸುಮ್ನ ಕುಂದರು,” ಎಂದು ನನ್ನನ್ನೇ ಗದರಿದಳು.

ಸ್ಟ್ಯಾಂಡಿನಿಂದ ನಡೆದು ತವರಿನ ಓಣಿಯ ತಿರುವಿಗೆ ಬಂದಾಗ ಅವ್ವನ ಕಾಲು ಮುಂದೆ ಹೋಗಲಿಲ್ಲ. ಸತ್ತ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. “ನೀ ಹೋಗಿ ಹೊಗಿ ಬರಾಕತ್ತೈತೇನ ನೋಡ್ಕೊಂಡ ಬಾ,” ಎಂದು ನನ್ನನ್ನು ಮುಂದೆ ಕಳಿಸಿದಳು. ಹೆಂಚಿನ ಸಂದಿಯಿಂದ ದಟ್ಟ ಹೊಗೆ ಏಳುತ್ತಿತ್ತು. ಒಳಗಿನಿಂದ ನಮ್ಮ ಆಯಿ, ಎಂದರೆ ಅವ್ವನ ತಾಯಿ, ಹಸಿ ಕಟ್ಟಿಗೆ ತಂದು ಹಾಕಿದ ಯಾರನ್ನೋ ಬಾಯಿ ತುಂಬ ಬೈಯುತ್ತಿದ್ದಳು. ಬೈಗುಳ ಅಷ್ಟು ಇಂಪಾಗಿ ಕೇಳಿಸಿದ್ದು ಅದೇ ಮೊದಲು. ಮಾಮಾ ಪಡಸಾಲೆಯಲ್ಲಿ ಭತ್ತದ ಸಸಿ ಕಟ್ಟಲು ನಾರು ಸೀಳುತ್ತಿದ್ದ. ನಾನು ತಿರುವಿಗೆ ಓಡಿ ಹೋಗಿ, “ಎಲ್ಲಾರೂ ಅದಾರು, ಬಾ,” ಎಂದೆ.

ಅವ್ವ ಒಳಗೆ ಬಂದವಳೇ ನೇರವಾಗಿ ಹೋಗಿ ವೈನಿಯನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಪಾಪ ಮಾಮಿ, ಕೈಗೆಲ್ಲ ಹಿಟ್ಟು ಮೆತ್ತಿಕೊಂಡವಳು, ನನ್ನ ಮುಖ, ಗಂಡನ ಮುಖ, ಮತ್ತೆ ನನ್ನ ಮುಖ ನೋಡುತ್ತ ನಿಂತುಬಿಟ್ಟಳು. ಇಪ್ಪತ್ತೈದು ವರ್ಷದಲ್ಲಿ ನಾದಿನಿ ತನ್ನನ್ನು ಮುಟ್ಟಿ ಮಾತಾಡಿಸಿದ್ದೇ ಇಲ್ಲ. ಒಂದು ತಾಸಿನ ಮೇಲೆ ಊಟಕ್ಕೆ ಕೂತಾಗ ಅವ್ವ, “ವೈನಿ, ಸಾರಿಗೆ ಉಪ್ಪ ಸ್ವಲ್ಪ ಹೆಚ್ಚಾಗೇತಿ ನೋಡ್ರಿ,” ಎಂದಳು. ಎಲ್ಲ ಮೊದಲಿನ ಹಾಗಾಯಿತು ಎಂದು ನಾನು ನಕ್ಕುಬಿಟ್ಟೆ.

ಆದರೆ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಊಟವಾದ ಮೇಲೆ ಆಯಿ ಎಲೆ ಅಡಿಕೆ ಬಾಯಿಗಿಟ್ಟುಕೊಂಡು, “ಅಲ್ಲವಾ, ಹಂಗಾರ ಸತ್ತಾವರು ಯಾರು?” ಎಂದಳು. ಕಾರ್ಡು ಬಂದದ್ದು ಖರೇ. ಮೂಲೆ ಹರಿದದ್ದು ಖರೇ. ಈಗ ಇಡೀ ಮನೆಗೆ ನಮ್ಮ ಹುಚ್ಚು ಹತ್ತಿತು. ಆಯಿ ತನ್ನ ಪಟ್ಟಿ ಶುರು ಮಾಡಿದಳು. ಮಾಮಾ ಮರುದಿನ ಬೆಳಿಗ್ಗೆ ಸೈಕಲ್ಲು ತುಳಿದು ನಂದಗಡಕ್ಕೆ ಹೋಗಿ ದೊಡ್ಡಪ್ಪನನ್ನು ಕಣ್ಣಾರೆ ಕಂಡು, ಅವರು ಕೊಟ್ಟ ಚಹಾ ಕುಡಿದು, ಬಂದ ಕಾರಣ ಹೇಳಲಾಗದೆ ‘ಹಿಂಗs ಬಂದಿದ್ನಿ’ ಎಂದು ಸುಳ್ಳು ಹೇಳಿ, ತೊಯ್ದು ತೊಪ್ಪೆಯಾಗಿ ವಾಪಸು ಬಂದ. ಎದುರಿನ ಕಮ್ಮಾರ ತನ್ನ ಕುಲುಮೆಯಲ್ಲಿ ಗಟ್ಟಿಯಾಗಿಯೇ ಬಡಿಯುತ್ತಿದ್ದ. ನಾಯಿಯ ಒಡೆಯ ಸತ್ತು ಆರು ವರ್ಷವಾಗಿತ್ತು. ಪಟ್ಟಿ ಪೂರ್ತಿ ಖಾಲಿಯಾಯಿತು, ಆದರೂ ಯಾರೋ ಒಬ್ಬರು ಸತ್ತೇ ಇದ್ದರು.

ಶುಕ್ರವಾರ ಸಂಜೆ ಒಬ್ಬ ಮಾಸ್ತರರು ಬಂದರು. ಖಾನಾಪುರದವರೇ, ದಿನಾ ಬಸ್ಸಿನಲ್ಲಿ ಅದೇ ತಾಲೂಕಿನ ಬೀಡಿ ಎಂಬ ಊರಿನ ಸಾಲೆಗೆ ಹೋಗಿ ಬರುವವರು. ಬಾಗಿಲಲ್ಲಿ ಛತ್ರಿ ಜಾಡಿಸುತ್ತ ಅವ್ವನನ್ನು ನೋಡಿ, “ಅಗದೀ ಛಲೋ ಆತ್ರಿ, ನೀವs ಬಂದೀರಿ. ನಾ ಇಲ್ಲಿ ನಿಮ್ಮ ಅಣ್ಣಾರಿಗೆ ಹೇಳಬೇಕಂತ ಬಂದಿದ್ನಿ. ಬೀಡಿ ಒಳಗ ನಿಮ್ಮ ಚಿಗವ್ವಾರು ದಿನಾ ಕೇಳಾಕತ್ತಾರ್ರಿ, ‘ಕಾರ್ಡ ಬರದ್ರೂ ಯಾರೂ ಬರಲಿಲ್ಲಲ್ಲ’ ಅಂತ,” ಎಂದರು.

“ಯಾವ ಕಾರ್ಡ್ರಿ?” ಎಂದು ನಾನೇ ಕೇಳಿದೆ.

“ನಾನs ಬರದ ಕೊಟ್ಟದ್ರಿ. ನಿಮ್ಮ ಅಕ್ಕಾರಿಗೆ ಹುಟ್ಟೂ ಕೂಸಿಗೆ ಕುಂಚಗಿ ಹೊಲದ ಇಟ್ಟಾರು, ಬಂದ ಒಯ್ಯಿರಿ ಅಂತ. ಪೆಟಿಗ್ಯಾಗ ಎಂದೋ ತಂದಿಟ್ಟಿದ್ದ ಕಾರ್ಡ ತಗದ ಕೊಟ್ರು, ಮೂಲಿಗೆ ಇಲಿ ಕಡದಿತ್ತು. ‘ಯವ್ವಾ, ಇದು ಛಲೋ ಕಾಣಂಗಿಲ್ಲ, ನಾ ಹೊಸಾದ್ದ ತರತೀನಿ’ ಅಂದ್ರ ಕೇಳಲಿಲ್ಲ. ‘ಒಳಗ ಮಾತ ನಂದs ಐತಲ್ಲ, ಓದಿದ್ರ ತಿಳಿಯಂಗಿಲ್ಲೇನು’ ಅಂದ್ರು.”

ಈ ಚಿಗವ್ವ ಯಾರೆಂದು ಹೇಳಬೇಕು. ನನ್ನ ಆಯಿಯ ಒಡಹುಟ್ಟಿದ ತಂಗಿ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡ, ಮಕ್ಕಳಿಲ್ಲ. ತನ್ನ ಅಕ್ಕನ, ಎಂದರೆ ಆಯಿಯ, ಮನೆಗೆ ಬಂದು ಉಳಿದವಳು ಅವ್ವನನ್ನೂ ಮಾಮಾನನ್ನೂ ಎತ್ತಿ ಆಡಿಸಿ ದೊಡ್ಡವರನ್ನು ಮಾಡಿದಳು. ಆಯಿ ಹೊಲಕ್ಕೆ ಹೋದರೆ ಅವ್ವನ ಜಡೆ ಹಾಕುತ್ತಿದ್ದವಳು, ಊಟಕ್ಕಿಡುತ್ತಿದ್ದವಳು, ಜ್ವರ ಬಂದರೆ ಬಾಜುಕ್ಕೆ ಮಲಗುತ್ತಿದ್ದವಳು ಅವಳೇ. ಮಾಮಾನ ಮದುವೆಯಾಗಿ ಮನೆ ತುಂಬಿದ ಮೇಲೆ ಬೀಡಿಯಲ್ಲಿದ್ದ ಗಂಡನ ಕಡೆಯವರ ಮನೆಗೆ ಹೋಗಿ, ಹಿತ್ತಲಲ್ಲಿ ಒಂದು ಕೋಣೆ ಹಿಡಿದುಕೊಂಡು ಇದ್ದಳು. ಹೋಗೆಂದು ಯಾರೂ ಹೇಳಿರಲಿಲ್ಲ, ಇರು ಎಂದೂ ಯಾರೂ ಹೇಳಿರಲಿಲ್ಲ. ಬೆಳಗಾವಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಅರ್ಧ ದಿನ ಸಾಕು. ನಾವು ಹೋಗಿ ಮೂರು ವರ್ಷವಾಗಿತ್ತು.

ಅವಳು ಬದುಕಿದ್ದಾಳೆ ಎಂದು ಕೇಳಿ ಸಂತೋಷವಾಗಬೇಕಿತ್ತು. ಯಾರೂ ಸತ್ತಿಲ್ಲ ಎಂದು ಎಲ್ಲರೂ ನಗಬೇಕಿತ್ತು. ಮಾಮಿ ಒಬ್ಬಳು ನಗಲು ಶುರು ಮಾಡಿ, ಯಾರೂ ನಗದಿರುವುದನ್ನು ನೋಡಿ ನಿಲ್ಲಿಸಿದಳು. ನಾಯಿಯ ಒಡೆಯನನ್ನು ನೆನೆಸಿಕೊಂಡಿದ್ದೆವು. ಸಾಯಬಹುದಾದವರನ್ನೆಲ್ಲ ಹೆಕ್ಕಿ ಹೆಕ್ಕಿ ಬರೆದ ಪಟ್ಟಿಯಲ್ಲಿ, ಅವ್ವನದರಲ್ಲಾಗಲಿ ಆಯಿಯದರಲ್ಲಾಗಲಿ, ಚಿಗವ್ವ ಇರಲಿಲ್ಲ. ಅವಳು ಸತ್ತಿರಬಹುದು ಎಂದು ಅಂಜುವಷ್ಟು ಕೂಡ ಅವಳು ನಮ್ಮ ಯಾರ ಮನಸ್ಸಿನಲ್ಲೂ ಇರಲಿಲ್ಲ. ನಾಲ್ಕು ದಿನ ನಾವು ಅತ್ತು, ಓಡಾಡಿ, ಉಪವಾಸ ಬಿದ್ದದ್ದು ಅವಳನ್ನು ಬಿಟ್ಟು ಮಿಕ್ಕ ಎಲ್ಲರಿಗಾಗಿ.

ಆಯಿ, “ಅಕಿ ನನ್ನ ತಂಗಿ,” ಎಂದಳು, ನಮಗೆ ಯಾರಿಗೂ ಅದು ಗೊತ್ತಿಲ್ಲ ಎಂಬಂತೆ. ಆಮೇಲೆ ಎದ್ದು ಹೋಗಿ, ಮರುದಿನ ನಾವು ಒಯ್ಯಬೇಕೆಂದು ಒಂದೊಂದೇ ಸಾಮಾನು ತಂದು ಇಡತೊಡಗಿದಳು. ಶೇಂಗಾ ಉಂಡಿ, ಅಕ್ಕಿ, ಬೆಲ್ಲ, ತನಗೆಂದು ತಂದಿದ್ದ ಸೀರೆ, ಒಂದು ಕಂಬಳಿ. ಗಂಟು ಎತ್ತಲಾಗದಷ್ಟು ದೊಡ್ಡದಾಯಿತು. ಇನ್ನೂ ಏನೋ ಹುಡುಕುತ್ತಲೇ ಇದ್ದಳು. ಆ ಗಂಟನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಈ ಸಿಟ್ಟು ಮಾತ್ರ ಆಯಿಯ ಮೇಲಲ್ಲ, ನನ್ನ ಮೇಲೆಯೇ.

ಶನಿವಾರ ಬೆಳಿಗ್ಗೆಯ ಬಸ್ಸಿಗೆ ನಾನೂ ಅವ್ವನೂ ಬೀಡಿಗೆ ಹೊರಟೆವು. ದಾರಿಯಲ್ಲಿ ಅವ್ವ ಒಂದೇ ಮಾತಾಡಿದಳು. “ನೀ ಬಾಯಿ ಬಿಚ್ಚಬ್ಯಾಡ,” ಎಂದಳು. ನಿಜ ಹೇಳುತ್ತೇನೆ ಎಂಬ ಜಂಬ ನನಗೆ ಆಗ ಬಹಳ ಇತ್ತು, ಅವಳಿಗೆ ಅದು ಗೊತ್ತಿತ್ತು.

ದನದ ಕೊಟ್ಟಿಗೆ ದಾಟಿ ಹಿತ್ತಲಿಗೆ ಹೋದಾಗ ಚಿಗವ್ವ ಬಾಗಿಲಲ್ಲೇ ಕೂತು ಕಾಳು ಆರಿಸುತ್ತಿದ್ದಳು. ಇನ್ನಷ್ಟು ಸಣ್ಣವಳಾಗಿದ್ದಳು. ಹಣೆಯ ತುಂಬ ವಿಭೂತಿ, ಕಣ್ಣಿಗೆ ದಾರ ಕಟ್ಟಿದ ಕನ್ನಡಕ. ನಮ್ಮನ್ನು ಗುರುತು ಹಿಡಿದದ್ದೇ ಮೊರ ಬದಿಗಿಟ್ಟು ಎದ್ದಳು. ಕೂಸಿನ ತಲೆ ಬೆನ್ನಿಗೆ ಹೊದಿಸುವ ಆ ಕುಂಚಿಗೆಯನ್ನು ತೊಳೆದು ಮಡಚಿ ಮೊಳೆಗೆ ನೇತುಹಾಕಿದ್ದಳು, ಬಂದವರ ಕೈಗೆ ಒಡನೆ ಸಿಗಲಿ ಎಂದು. ಕೆಂಪು ಖಣದ ಅಂಚು, ಕೂಸಿನ ತಲೆಗೆ ಬರುವ ಕಡೆ ಮೆತ್ತಗಿನ ಹಳೆ ಬಟ್ಟೆಯ ಒಳಪದರ. ಆ ಕಣ್ಣಿನಲ್ಲಿ ಅಷ್ಟು ಸಣ್ಣ ಹೊಲಿಗೆ ಹೇಗೆ ಹಾಕಿದಳೋ.

“ಕಾರ್ಡ ಮುಟ್ಟಲಿಲ್ಲೇನವಾ?” ಎಂದು ಕೇಳಿದಳು.

ಮಳೆ ಎನ್ನಬಹುದಿತ್ತು, ಬಸ್ಸು ಇಲ್ಲ ಎನ್ನಬಹುದಿತ್ತು. ಅವ್ವನಿಗೆ ಆಗಲಿಲ್ಲ. ಮೂಲೆ ಹರಿದದ್ದನ್ನು ನೋಡಿ ಓದಿಸದೆ ಹರಿದುಹಾಕಿದೆ ಎಂದು ತಲೆ ತಗ್ಗಿಸಿ ಹೇಳಿದಳು. ಚಿಗವ್ವ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ನಕ್ಕು ನಕ್ಕು ಕನ್ನಡಕ ಜಾರಿತು.

“ಯವ್ವಾ ನನ ಮಗಳ! ಹಂಗಾರ ನಾ ಸತ್ತೀನಂತ ತಿಳದಿ?”

ಅವ್ವ ನನ್ನ ಕಡೆ ನೋಡಲಿಲ್ಲ. “ಹೂಂ ಚಿಗವ್ವಾ,” ಎಂದಳು.

ಚಿಗವ್ವನ ನಗು ನಿಂತಿತು. ಹತ್ತಿರ ಬಂದು ಅವ್ವನ ಗದ್ದ ಹಿಡಿದಳು. “ನನ್ನ ಸಲುವಾಗಿ ಅತ್ತೇನು?”

“ಭಾಳ ಅತ್ನಿ.”

“ಊಟಾ?”

“ಎರಡ ದಿನ ಒಂದ ತುತ್ತ ಇಳೀಲಿಲ್ಲ.”

ಅವ್ವ ಅತ್ತದ್ದು ನಿಜ, ಊಟ ಬಿಟ್ಟದ್ದೂ ನಿಜ. ಸುಳ್ಳು ಎಲ್ಲಿದೆ ಎಂದು ನನಗೂ ಅವಳಿಗೂ ಮಾತ್ರ ಗೊತ್ತಿತ್ತು. ನನ್ನ ನಾಲಿಗೆ ತುರಿಸಲಿಲ್ಲ. ಜೀವಮಾನದಲ್ಲಿ ಮೊದಲ ಸಲ, ಈ ಸುಳ್ಳು ನಿಲ್ಲಲಿ ಎಂದು ನಾನು ಉಸಿರು ಹಿಡಿದುಕೊಂಡು ನಿಂತಿದ್ದೆ.

ಚಿಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಹಿತ್ತಲ ಗೋಡೆಯ ಹತ್ತಿರ ಹೋಗಿ ಆಚೆ ಮನೆಯವಳನ್ನು ಕೂಗಿದಳು. “ಕೇಳಿದೇನ? ನಾ ಸತ್ತೀನಂತ ತಿಳಕೊಂಡ ನಮ್ಮ ಹುಡುಗಿ ಬೆಳಗಾವ್ಯಾಗ ಎರಡ ದಿನ ಊಟಾ ಬಿಟ್ಟಿದ್ಲಂತ!” ಮುಂದಿನ ಮನೆಯವರಿಗೂ ಹೋಗಿ ಹೇಳಿದಳು. ಹಾಲು ಹಾಕಲು ಬಂದವನಿಗೂ ಹೇಳಿದಳು. ಪ್ರತಿ ಸಲ ದಿನ ಒಂದೊಂದು ಹೆಚ್ಚಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವ್ವ ಐದು ದಿನ ಊಟ ಬಿಟ್ಟಿದ್ದಳು. ಮನುಷ್ಯರು ಅಷ್ಟು ಹಿಗ್ಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನೋಡುತ್ತ ಕೂಡಲು ನನ್ನಿಂದ ಆಗದೆ ಕೊಟ್ಟಿಗೆಯವರೆಗೆ ಹೋಗುವುದು, ಬರುವುದು, ಮತ್ತೆ ಹೋಗುವುದು ಮಾಡುತ್ತಿದ್ದೆ. ಆಯಿ ಕಳಿಸಿದ ಗಂಟನ್ನು ಅವಳು ಬಿಚ್ಚಿ ಕೂಡ ನೋಡಲಿಲ್ಲ.

ಬುತ್ತಿ ಕಟ್ಟಿಕೊಂಡು ಸಂಜೆಯ ಬಸ್ಸಿಗೆ ನಮ್ಮನ್ನು ಕಳಿಸಲು ಸ್ಟ್ಯಾಂಡಿಗೆ ಬಂದಳು. ಬಸ್ಸು ಬರುವವರೆಗೆ ಅವ್ವನ ಕೈ ಬಿಡಲಿಲ್ಲ.

“ಇನ್ನೊಂದ ಸಲೆ ಹೇಳು,” ಎಂದಳು. “ಕಾರ್ಡ ಕೈಯಾಗ ಹಿಡಕೊಂಡ ಕೂಡ್ಲೇ ಮೊದಲ ಯಾರ ನೆನಪಾತು?”

“ನಿಂದs ಚಿಗವ್ವಾ,” ಎಂದಳು ಅವ್ವ.

“ಹಂಗಾರ ಇನ್ನ ನಾ ಖರೇನs ಸತ್ತರೂ ಅಡ್ಡಿ ಇಲ್ಲ ಬಿಡು,” ಎಂದಳು ಚಿಗವ್ವ, ಅವ್ವನ ಬೆನ್ನು ಸವರುತ್ತ. “ಅಳೂದು ಮುಗಿಸಿಬಿಟ್ಟಿ. ಮತ್ತ ಅಳಬ್ಯಾಡ, ಊಟಾ ಬಿಡಬ್ಯಾಡ. ನಂದು ನನಗ ಮುಟ್ಟೇತಿ.”

ಅವ್ವ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಹಾಗೇ ನಿಂತಳು. ಹತ್ತುತ್ತೀರೋ ಇಳಿಯುತ್ತೀರೋ ಎಂದು ಕಂಡಕ್ಟರ್ ರೇಗಿದ. ಅವಳು ಇಳಿದುಬಿಟ್ಟಳು. ಕುಂಚಿಗೆಯನ್ನು ಖಿಡಕಿಯಿಂದ ನನ್ನ ಕೈಗೆ ಕೊಟ್ಟು, “ಅಕ್ಕಗ ಕೊಡು. ನಾ ಎರಡ ದಿನ ಇಲ್ಲಿದ್ದ ಬರತೀನಿ,” ಎಂದಳು. ಮನೆಯಲ್ಲಿ ಬಸರಿ ಹುಡುಗಿಯನ್ನು ಬಿಟ್ಟು ಇಲ್ಲಿ ಉಳಿಯುವುದೇನು ಎಂದು ಚಿಗವ್ವ ಅವಳನ್ನು ಬೈಯುತ್ತಿರುವಾಗಲೇ ಬಸ್ಸು ಹೊರಟಿತು.

ಅವ್ವ ಮಂಗಳವಾರ ಬೆಳಗಾವಿಗೆ ಬಂದಳು. ಆ ಎರಡು ದಿನಗಳಲ್ಲಿ ಅವಳು ಚಿಗವ್ವನಿಗೆ ನಿಜ ಹೇಳಿದಳೋ ಇಲ್ಲವೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈಗ ಕೇಳೋಣವೆಂದರೆ ಇಬ್ಬರೂ ಇಲ್ಲ. ಹೇಳಿರಬಾರದು ಎಂದು ಇಂದಿಗೂ ಬೇಡಿಕೊಳ್ಳುತ್ತೇನೆ.